ಕಟ್ಟೆ ಒಂದೇ, ಗಜನಿ ಎಲ್ಲರದು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ರೈತ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಹಿರಿಯರು ಸಂಘದ ಇಪ್ಪತ್ತೈದು ವರ್ಷಗಳ ಲೆಕ್ಕ ಹೇಳಿದ್ದಾರೆ. ಶೇರು, ಠೇವಣಿ, ಬೆಳೆಸಾಲ, ವಸೂಲಿ ಎಲ್ಲವೂ ಬಂತು. ನನಗೆ ಕೊಟ್ಟ ವಿಷಯ ಮಾತ್ರ ಜಮಾ-ಖರ್ಚಿನ ಪುಸ್ತಕದಲ್ಲಿ ಇಲ್ಲದ್ದು. ‘ಅಳಿವೆಯ ಜೀವಸಂಕುಲ ಮತ್ತು ನಮ್ಮ ಶ್ರಮದಾನ’ ಅಂತ ಆಮಂತ್ರಣ ಪತ್ರಿಕೆಯಲ್ಲಿ ಹಾಕಿದ್ದಾರೆ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವ, ಕಗ್ಗ ಬಿತ್ತುವವ. ಹಾಗಾಗಿ ಕಟ್ಟೆಯ ಮೇಲೆ ನಿಂತವನಿಗೆ ಏನು ಕಾಣುತ್ತದೋ ಅದನ್ನೇ ಹೇಳುತ್ತೇನೆ. ಊಟದ ಹೊತ್ತಾಗಿದೆ, ಹೆಚ್ಚು ಎಳೆಯುವುದಿಲ್ಲ.

ಮೊದಲಿಗೆ ನಮ್ಮ ಹೊಳೆಯ ಮಾತು. ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು ನಮ್ಮ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಮಣ್ಣು, ಎಲೆಕಸ ಹೊತ್ತು ಇಳಿಯುತ್ತದೆ. ಬೇಸಿಗೆಯಲ್ಲಿ ಭರತದ ಉಪ್ಪುನೀರು ಮಿರ್ಜಾನದ ಆಚೆಗೂ ಏರುತ್ತದೆ. ಎರಡು ನೀರು ಕೂಡುವಲ್ಲಿ ಕಾಂಡ್ಲಾ ಬೆಳೆಯುತ್ತದೆ, ಬಳಚು ಬೆಳೆಯುತ್ತದೆ, ಸಿಗಡಿ ಮರಿ ದೊಡ್ಡದಾಗುತ್ತದೆ. 2024ರ ಜನವರಿ ಕೊನೆಯಲ್ಲಿ ನಮ್ಮ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿದ್ದನ್ನು ನೀವೆಲ್ಲ ಪೇಪರಿನಲ್ಲಿ ಓದಿದ್ದೀರಿ. 4,801 ಹೆಕ್ಟೇರ್ ಜಾಗ. 1971ರಲ್ಲಿ ಇರಾನ್ ದೇಶದ ರಾಮ್‌ಸಾರ್ ಎಂಬ ಪಟ್ಟಣದಲ್ಲಿ ಜೌಗು ಪ್ರದೇಶಗಳ ಬಗ್ಗೆ ದೇಶ ದೇಶಗಳು ಮಾಡಿಕೊಂಡ ಒಪ್ಪಂದದಿಂದ ಆ ಹೆಸರು ಬಂದದ್ದು.

ಹೆಸರು ಬಂತು, ಸಂತೋಷ. ಆದರೆ ಹೆಸರು ಬಂದ ಮಾತ್ರಕ್ಕೆ ಒಂದು ಹಲಗೆಯೂ ಕೂಡ್ರುವುದಿಲ್ಲ, ಒಂದು ಗಿಡವೂ ಏಳುವುದಿಲ್ಲ. ಅದಕ್ಕೆ ಊರವರೇ ಮಂಡಿಯುದ್ದ ಕೆಸರಿಗೆ ಇಳಿಯಬೇಕು.

ಇಲ್ಲಿ ಕುಳಿತ ಮಕ್ಕಳಿಗಾಗಿ ಗಜನಿ ಅಂದರೆ ಏನು ಅಂತ ಎರಡು ಮಾತು ಹೇಳುತ್ತೇನೆ. ಈಗಿನ ಕೆಲವು ಮಕ್ಕಳು ಗಜನಿ ಅಂದರೆ ಸಿನಿಮಾ ಅಂದುಕೊಳ್ಳುತ್ತಾರೆ. ಹೊಳೆಯ ಬದಿಯ ತಗ್ಗು ಜಾಗಕ್ಕೆ ಸುತ್ತ ಕಟ್ಟೆ ಹಾಕಿ, ಕಟ್ಟೆಯ ನಡುವೆ ನೀರು ಬಿಡುವ, ತಡೆಯುವ ಬಾಗಿಲು ಇಟ್ಟರು ನಮ್ಮ ಹಿರಿಯರು. ಆ ಬಾಗಿಲೇ ಜಂತ್ರಡಿ. ಮಳೆ ಹಿಡಿದ ಮೇಲೆ ಜಂತ್ರಡಿ ಹಾಕಿ ಉಪ್ಪುನೀರು ತಡೆಯುತ್ತೇವೆ. ಮಳೆನೀರು ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತೇವೆ. ಕಗ್ಗಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ನಮ್ಮ ಸಂಘದ ಗೊಬ್ಬರ ವ್ಯಾಪಾರಕ್ಕೆ ಕಗ್ಗದಿಂದ ಏನೂ ಲಾಭವಿಲ್ಲ, ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಸ್ವಲ್ಪ ಉಪ್ಪು ತಾಗಿದರೂ, ನಾಲ್ಕು ದಿನ ನೆರೆಯಲ್ಲಿ ನಿಂತರೂ ಅದು ಸಾಯುವುದಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತೇವೆ. ಆಮೇಲೆ ಜಂತ್ರಡಿ ತೆಗೆದರೆ ಭರತದ ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೊಳೆತ ಹುಲ್ಲೇ ಅವಕ್ಕೆ ಆಹಾರ. ಬೇಸಿಗೆಯಲ್ಲಿ ಮೀನು, ಮಳೆಗಾಲದಲ್ಲಿ ಭತ್ತ. ಬಿದ್ದ ಕಾಳಿಗೆ ಬಾತು ಬರುತ್ತದೆ, ಮೀನಿಗೆ ಬೆಳ್ಳಕ್ಕಿ, ಮಿಂಚುಳ್ಳಿ, ನೀರುನಾಯಿ ಬರುತ್ತವೆ. ಒಂದೇ ಗದ್ದೆಯಲ್ಲಿ ಮನುಷ್ಯನಿಗೂ ಪಾಲು, ಪ್ರಾಣಿಗೂ ಪಾಲು.

ಈ ವ್ಯವಸ್ಥೆ ಕೆಟ್ಟದ್ದು ಹೇಗೆ ಅಂತ ನಡುವಯಸ್ಸಿನವರಿಗೆ ಗೊತ್ತಿದೆ. ನಾನು ಹೈಸ್ಕೂಲಿಗೆ ಹೋಗುವ ಕಾಲದಲ್ಲಿ, ಅಂದರೆ 1990ರ ದಶಕದಲ್ಲಿ, ಸಿಗಡಿ ಕೆರೆಯ ಭರಾಟೆ ಬಂತು. ಹೊರಗಿನವರು ಬಂದು ಗಜನಿಯನ್ನು ಲೀಸಿಗೆ ಹಿಡಿದರು. ಕೈಗೆ ರೊಕ್ಕ ಬಂದದ್ದು ಸುಳ್ಳಲ್ಲ. ಕಟ್ಟೆ ಬದಿಯ ಕಾಂಡ್ಲಾ ಕಡಿದು ಕೆರೆ ಅಗೆಸಿದರು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. 1994-95ರ ಹೊತ್ತಿಗೆ ದೇಶದ ಕರಾವಳಿಯ ಸಿಗಡಿ ಕೆರೆಗಳಿಗೆ ಬಿಳಿಚುಕ್ಕೆ ರೋಗ ತಗುಲಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೆರೆಗಳ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ನಮ್ಮೂರಲ್ಲಿ ಲೀಸಿನವರು ಪಂಪು ಕಿತ್ತುಕೊಂಡು ಹೊರಟುಹೋದರು. ಉಳಿದದ್ದು ಒಡೆದ ಕಟ್ಟೆ, ಕೊಳೆತ ಜಂತ್ರಡಿ ಮತ್ತು ಉಪ್ಪು ಹಿಡಿದ ನೆಲ. ಕಾಂಡ್ಲಾ ಹೋದ ಮೇಲೆ ತೆರೆಯ ಪೆಟ್ಟು ನೇರವಾಗಿ ಕಟ್ಟೆಗೇ ಬೀಳತೊಡಗಿತು. ಒಂದು ಕಡೆ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಒಬ್ಬೊಬ್ಬರೇ ಕಗ್ಗ ಬಿಟ್ಟರು. ಹುಡುಗರು ಗೋವಾ, ಬೆಂಗಳೂರು ಸೇರಿದರು.

ಈ ಸ್ಥಿತಿಯಿಂದ ಗಜನಿಯನ್ನು ಎತ್ತಬೇಕು ಅಂತ ಒಂಬತ್ತು ವರ್ಷದ ಹಿಂದೆ ಊರಿನ ಕೆಲವರು ಕೆಸರಿಗಿಳಿದೆವು. ಮೊದಲ ವರ್ಷ ಬಂದವರು ಹನ್ನೊಂದು ಮಂದಿ. ಇಲ್ಲಿ ಎದುರು ಸಾಲಿನಲ್ಲೇ ಅವರಲ್ಲಿ ಏಳು ಮಂದಿ ಕೂತಿದ್ದಾರೆ, ಹೆಸರು ಹೇಳಿದರೆ ನಾಚಿಕೊಳ್ಳುತ್ತಾರೆ. ಯಾರಿಗೂ ಕೂಲಿ ಇಲ್ಲ, ಮಧ್ಯಾಹ್ನ ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ. ಆ ಕೆಲಸದಿಂದ ಕಂಡುಕೊಂಡ ಮೂರು ಸಂಗತಿಗಳನ್ನು ಇವತ್ತು ಸದಸ್ಯರ ಮುಂದೆ ಇಡುತ್ತೇನೆ.

ಒಂದನೆಯದು, ಗಿಡಕ್ಕಿಂತ ಮೊದಲು ನೀರು. ಪರಿಸರದ ಕೆಲಸ ಅಂದ ಕೂಡಲೇ ಎಲ್ಲರೂ ಗಿಡ ನೆಡಲು ಹೊರಡುತ್ತಾರೆ. ಗಿಡ ನೆಡುವುದು ಒಂದು ದಿನದ ಕೆಲಸ, ಫೋಟೋ ಕೂಡ ಚೆಂದ ಬರುತ್ತದೆ. ಆದರೆ ಅಳಿವೆಯಲ್ಲಿ ನೀರು ಬರಬೇಕಾದಾಗ ಬಂದು, ಹೋಗಬೇಕಾದಾಗ ಹೋಗದಿದ್ದರೆ ಯಾವ ಗಿಡವೂ ನಿಲ್ಲುವುದಿಲ್ಲ. ಹಳೆಯ ಸಿಗಡಿ ಕೆರೆಯ ಒಳಗೆ ನೀರು ನಿಂತೇ ಇತ್ತು, ಬೇರು ಉಸಿರುಗಟ್ಟುತ್ತಿತ್ತು. ಅಲ್ಲಿ ಕೆರೆಯ ಅಡ್ಡ ದಿಬ್ಬ ಕಡಿದು, ಹೂಳು ತುಂಬಿದ ಹಳೆಯ ಕಾಲುವೆ ಬಿಡಿಸಿದೆವು. ಭರತ-ಇಳಿತ ಶುರುವಾಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಹೊಳೆಯಲ್ಲಿ ತೇಲಿ ಬಂದ ಬೀಜದಿಂದ ಕಾಂಡ್ಲಾ, ಉಪ್ಪಟಿ ತಾವಾಗಿಯೇ ಎದ್ದವು. ನಾವು ನೆಟ್ಟದ್ದಕ್ಕಿಂತ ಅದಾಗಿ ಬಂದದ್ದೇ ಗಟ್ಟಿಯಾಗಿದೆ. ಹತ್ತಿರದಲ್ಲಿ ಬೀಜದ ಮರ ಇದ್ದು, ನೀರಿನ ದಾರಿ ಸರಿಯಿದ್ದರೆ ಅಳಿವೆ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ನಮ್ಮ ಕೆಲಸ ಅಡ್ಡ ಇರುವುದನ್ನು ತೆಗೆಯುವುದು.

ಎರಡನೆಯದು, ನೆಡಲೇಬೇಕಾದಲ್ಲಿ ಕ್ರಮವಾಗಿ ನೆಡಬೇಕು. ಕಟ್ಟೆಯ ಹೊರಬದಿ ತೆರೆ ಹೊಡೆಯುವ ಕಡೆ ನೆಡಲೇಬೇಕು. ಅದಕ್ಕೆ ನುಗ್ಗೆಕಾಯಿಯ ಹಾಗೆ ಜೋತುಬೀಳುವ ಕಾಂಡ್ಲಾ ಕೋಡು ಒಳ್ಳೆಯದು. ಕೋಡು ಮರದಲ್ಲಿರುವಾಗಲೇ ಮೊಳೆತಿರುತ್ತದೆ, ತಾಯಿ ಹಸುಳೆಯನ್ನು ಎತ್ತಿಕೊಂಡ ಹಾಗೆ. ಬಲಿತ ಕೋಡು ಮೆಲ್ಲಗೆ ತಿರುವಿದರೆ ಕೈಗೆ ಬರುತ್ತದೆ, ಎಳೆದು ಕೀಳಬೇಕಾದರೆ ಅದು ಬಲಿತಿಲ್ಲ ಅಂತ ಲೆಕ್ಕ. ಹುಳ ಕೊರೆದದ್ದು ಬೇಡ. ಕಿತ್ತದ್ದನ್ನು ಬಿಸಿಲಿಗೆ ಹಾಕದೆ ಒದ್ದೆ ಗೋಣಿಯಲ್ಲಿಟ್ಟು ನಾಲ್ಕಾರು ದಿನದಲ್ಲೇ ನೆಟ್ಟು ಮುಗಿಸಬೇಕು. ಮೂರರಲ್ಲಿ ಒಂದು ಪಾಲು ಕೆಸರಿನೊಳಗೆ ಹೋಗಬೇಕು. ಮಾರಿಗೆ ಒಂದರಂತೆ ಜಾಗ ಬಿಡಬೇಕು. ಉಪ್ಪಟಿಯ ಬೀಜ ಸಣ್ಣದು, ಅದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸಸಿ ಮಾಡಿಕೊಂಡೇ ನೆಡಬೇಕು. ಉಪ್ಪಟಿ ಎಲೆ ದನಗಳಿಗೆ ಬಲು ಇಷ್ಟ. ಆದ್ದರಿಂದ ಎರಡು ಮೂರು ವರ್ಷ ದನ ಬಿಡದ ಹಾಗೆ ನೋಡಿಕೊಳ್ಳಬೇಕು. ಸಸಿಗೆ ಸುತ್ತಿಕೊಂಡ ಬಲೆಚೂರು, ಪ್ಲಾಸ್ಟಿಕ್ ಕೊಟ್ಟೆ ಬಿಡಿಸಲು ಪ್ರತಿ ತಿಂಗಳೂ ಹೋಗಬೇಕು. ನಮ್ಮ ಹೈಸ್ಕೂಲಿನ ಮಕ್ಕಳು ಈ ಕೆಲಸ ಚೆನ್ನಾಗಿ ಮಾಡುತ್ತಿದ್ದಾರೆ, ಅವರಿಗೆ ಚಪ್ಪಾಳೆ ಕೊಡಬೇಕು. ಹೊಳೆಬದಿಯ ಜಾಗ ಸರ್ಕಾರದ್ದಾದರೆ ಮೊದಲು ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಗೆ ತೆಗೆದುಕೊಂಡೇ ಇಳಿಯಬೇಕು.

ಮೂರನೆಯದು, ಎಲ್ಲ ಕಡೆಯೂ ನೆಡಬಾರದು. ಇದು ಕೆಲವರಿಗೆ ವಿಚಿತ್ರ ಕಾಣಬಹುದು. ಇಳಿತದಲ್ಲಿ ಎದ್ದು ಕಾಣುವ ಬರೀ ಕೆಸರಿನ ಬಯಲು ಇದೆಯಲ್ಲ, ಅದನ್ನು ನೋಡಿದವರು ‘ಖಾಲಿ ಬಿದ್ದಿದೆ, ಕಾಂಡ್ಲಾ ಹಚ್ಚಿ’ ಅನ್ನುತ್ತಾರೆ. ಅದು ಖಾಲಿ ಅಲ್ಲ ಸ್ವಾಮಿ. ಅದು ಬಳಚಿನ ಹೊಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆ ಲೆಕ್ಕ ಹಾಕಿದಾಗ ಈ ಒಂದು ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿನ ಜೀವಿಗಳನ್ನು ಜನ ಹೆಕ್ಕುತ್ತಿದ್ದರು. ನಮ್ಮ ಎಷ್ಟು ಮನೆಯ ಹೆಂಗಸರು ಬುಟ್ಟಿ ಹಿಡಿದು ಇಳಿತ ನೋಡಿ ಹೋಗುತ್ತಾರೆ ಅಂತ ನಿಮಗೇ ಗೊತ್ತು. ಚಳಿಗಾಲದಲ್ಲಿ ಅದೇ ಕೆಸರಿಗೆ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿದ ಕಂದುತಲೆಯ ಕಡಲಕ್ಕಿ ಬರುತ್ತದೆ. ಉದ್ದ ಕೊಕ್ಕಿನ ಉಲ್ಲಂಕಿಗಳು ಬಂದು ಕೆಸರಿನೊಳಗಿನ ಹುಳ ಹೆಕ್ಕುತ್ತವೆ. ಅಲ್ಲಿ ಕಾಂಡ್ಲಾ ಹಚ್ಚಿದರೆ ತೀರ ಆಳದಲ್ಲಿ ಅದೂ ಬದುಕುವುದಿಲ್ಲ, ಹಕ್ಕಿಗೂ ಬಳಚಿಗೂ ಜಾಗ ಇರುವುದಿಲ್ಲ. ಕೆಸರನ್ನು ಕೆಸರಾಗಿಯೇ ಬಿಡುವುದು ಕೂಡ ಒಂದು ಸೇವೆ. ಅಲ್ಲಿ ನಾವು ಮಾಡಬೇಕಾದದ್ದು ಎರಡೇ. ಸಣ್ಣ ಬಳಚನ್ನು ಹೆಕ್ಕದೆ ಬಿಡುವುದು ಮತ್ತು ಮರಳು ತೆಗೆಯುವವರು ಆ ಪಾತಳಿಗೆ ಕೈ ಹಾಕದ ಹಾಗೆ ನೋಡಿಕೊಳ್ಳುವುದು.

ಇನ್ನು ಸದಸ್ಯರು ನನ್ನ ಹತ್ತಿರ ಕೇಳುವ ಪ್ರಶ್ನೆಗಳಿಗೆ ಬರುತ್ತೇನೆ. ಹಿಂದೆ ಕೇಳಿದವರಿಗೆ ಕಟ್ಟೆಯ ಮೇಲೇ ಉತ್ತರ ಕೊಟ್ಟಿದ್ದೇನೆ, ಆದರೆ ಎಲ್ಲರ ಎದುರು ಹೇಳುವುದು ಒಳ್ಳೆಯದು.

‘ಹಕ್ಕಿ ಬಂದರೆ ಕಗ್ಗ ತಿನ್ನುವುದಿಲ್ಲವೋ?’ ತಿನ್ನುತ್ತದೆ. ಬಿತ್ತಿದ ಮೊದಲ ವಾರ ಮತ್ತು ತೆನೆ ಬಲಿಯುವಾಗ ಕಾಯಲೇಬೇಕು. ಗಜನಿಯಲ್ಲಿ ನಾಲ್ಕೇ ಗದ್ದೆ ಬಿತ್ತಿದರೆ ಎಲ್ಲ ಹಕ್ಕಿಯೂ ಆ ನಾಲ್ಕು ಗದ್ದೆಗೇ ಬೀಳುತ್ತದೆ, ಬಿತ್ತಿದವ ಸೋಲುತ್ತಾನೆ. ಇಡೀ ಗಜನಿ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ, ಕಾಯುವ ಪಾಳಿಯೂ ಹಂಚಿಹೋಗುತ್ತದೆ. ಹಕ್ಕಿಯ ಕಾಟಕ್ಕೆ ಮದ್ದು ಹಕ್ಕಿ ಓಡಿಸುವುದಲ್ಲ, ಬಿಟ್ಟ ಗದ್ದೆಯನ್ನು ಮತ್ತೆ ಬಿತ್ತುವುದು.

‘ನೀರುನಾಯಿ ಬಲೆ ಹರಿಯುತ್ತದಲ್ಲ?’ ಹೌದು, ಹರಿಯುತ್ತದೆ. ಮೀನುಗಾರ ಬಾಂಧವರ ಕಷ್ಟ ಸಣ್ಣದಲ್ಲ. ಆದರೆ ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ, ಅದಕ್ಕೆ ಏಟು ಹಾಕುವ ಹಾಗಿಲ್ಲ. ಕಾಯ್ದೆ ಬದಿಗಿರಲಿ. ನೀರುನಾಯಿ ಇದೆ ಅಂದರೆ ಹೊಳೆಯಲ್ಲಿ ಮೀನಿದೆ ಅಂತ ಅರ್ಥ. ಅದು ಓಡಾಡುವ ಕಾಂಡ್ಲಾ ಸಂದಿಯ ಬಾಯಿಗೇ ಬಲೆ ಕಟ್ಟದೆ ಸ್ವಲ್ಪ ಆಚೆ ಕಟ್ಟುವುದು, ಬಲೆಯನ್ನು ರಾತ್ರಿಯಿಡೀ ಬಿಡದೆ ಬೇಗ ಎತ್ತುವುದು, ಇಷ್ಟನ್ನು ನಾವು ನಾವೇ ಮಾತಾಡಿಕೊಳ್ಳಬಹುದು.

‘ರಾಮ್‌ಸಾರ್ ಆಯಿತಲ್ಲ, ಇನ್ನು ಸರ್ಕಾರ ಜಾಗ ತೆಗೆದುಕೊಳ್ಳುತ್ತದಂತೆ, ಹೌದೋ?’ ಈ ಹೆದರಿಕೆಯಿಂದ ಎಷ್ಟೋ ಜನ ಶ್ರಮದಾನಕ್ಕೂ ಬರುವುದು ಬಿಟ್ಟಿದ್ದಾರೆ. ಕಾಂಡ್ಲಾ ಬೆಳೆದರೆ ಗದ್ದೆ ಹೋಯಿತು ಅಂದುಕೊಂಡಿದ್ದಾರೆ. ರಾಮ್‌ಸಾರ್ ಪಟ್ಟಿಗೆ ಸೇರಿದ ಮಾತ್ರಕ್ಕೆ ಪಹಣಿಯ ಹೆಸರು ಬದಲಾಗುವುದಿಲ್ಲ. ಆ ಒಪ್ಪಂದದ ತಿರುಳೇ ‘ವಿವೇಕದ ಬಳಕೆ’. ಅಂದರೆ ಬಳಸು, ಹಾಳು ಮಾಡಬೇಡ. ಕಗ್ಗ ಬಿತ್ತುವುದು, ಮೀನು ಹಿಡಿಯುವುದು, ಬಳಚು ಹೆಕ್ಕುವುದು ಅಂಥ ಬಳಕೆಯೇ. ಕಾಂಡ್ಲಾ ಕಡಿಯಬಾರದು ಎಂಬ ನಿರ್ಬಂಧ ಇವತ್ತಿನದಲ್ಲ, 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಕಾಲದಿಂದ ಇದೆ. ಹಾಗಾಗಿ ಗಿಡ ಕಟ್ಟೆಯ ಹೊರಗೆ, ಭತ್ತ ಕಟ್ಟೆಯ ಒಳಗೆ ಅಂತ ನಾವೇ ಗಡಿ ಹಾಕಿಕೊಂಡಿದ್ದೇವೆ. ಬಿತ್ತುವ ಗದ್ದೆಯೊಳಗೆ ಒಂದು ಕೋಡನ್ನೂ ನಾವು ಹಚ್ಚಿಲ್ಲ. ಯಾರು ಬೇಕಾದರೂ ಬಂದು ನೋಡಬಹುದು.

ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ನಮ್ಮ ಗಜನಿಯಂಥದೇ ಉಪ್ಪುನೀರಿನ ಗದ್ದೆಗಳಿವೆ, ಅಲ್ಲಿ ಕೈಪಾಡ್ ಅನ್ನುತ್ತಾರೆ. ಆ ಜಿಲ್ಲೆಯ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬವರಿದ್ದರು. ಹುಟ್ಟಿದ್ದು 1937ರಲ್ಲಿ, ದಲಿತ ಕುಟುಂಬದಲ್ಲಿ. ಹೆಚ್ಚು ಓದಿದವರಲ್ಲ, ಗದ್ದೆಯಲ್ಲಿ ಕೂಲಿ ಮಾಡಿ ಬದುಕಿದವರು. ಹೊಳೆಯಂಚಿನ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ಗಾಳಿಗೆ, ತೆರೆಯ ನೀರಿಗೆ ಸಿಕ್ಕಿ ಕಷ್ಟಪಡುವುದನ್ನು ನೋಡಿ 1989ರಲ್ಲಿ ಐನೂರರಷ್ಟು ಕಾಂಡ್ಲಾ ಸಸಿ ನೆಟ್ಟರು. ಯಾರೂ ಹೇಳಿ ಮಾಡಿಸಿದ್ದಲ್ಲ. 2015ರಲ್ಲಿ ತೀರಿಕೊಳ್ಳುವವರೆಗೂ ನೆಡುತ್ತಲೇ ಇದ್ದರು. ಜನ ಅವರನ್ನು ‘ಕಂಡಲ್ ಪೊಕ್ಕುಡನ್’ ಅಂತಲೇ ಕರೆದರು. ಕಂಡಲ್ ಅಂದರೆ ನಮ್ಮ ಕಾಂಡ್ಲಾವೇ. ಒಬ್ಬ ಬಡವ ಒಂಟಿಯಾಗಿ ಅಷ್ಟು ಮಾಡಿದರೆ, ಇಷ್ಟು ಸದಸ್ಯರಿರುವ ಒಂದು ಸಂಘ ಎಷ್ಟು ಮಾಡಬಹುದು, ನೀವೇ ಯೋಚಿಸಿ.

ಈಗ ನಮ್ಮ ಗಜನಿ ಎಲ್ಲಿಗೆ ಬಂದು ನಿಂತಿದೆ? ಬಡಗು ಬದಿಯ ಕಟ್ಟೆಗೆ ಕಾಂಡ್ಲಾ ಬೇಲಿ ಎದ್ದಿದೆ. ಬೇರಿನ ಸಂದಿಯಲ್ಲಿ ಏಡಿ, ಸಿಗಡಿ ಮರಿ ತುಂಬಿವೆ. ನೊಗಲಿ ಮೀನು ಮತ್ತೆ ಗಾಳಕ್ಕೆ ಸಿಗುತ್ತಿದೆ. ಕೆಸರಿನಲ್ಲಿ ನೀರುನಾಯಿಯ ಹೆಜ್ಜೆ ಕಾಣುತ್ತದೆ. ಆ ಬದಿಯಲ್ಲಿ ಮೂರು ವರ್ಷದಿಂದ ಕಗ್ಗ ಬಿತ್ತುತ್ತಿದ್ದೇವೆ. ತೆಂಕು ಬದಿ ಮಾತ್ರ ಹಾಗೇ ಇದೆ. ಅಲ್ಲಿಯ ಜಂತ್ರಡಿಯ ಕಲ್ಲು ಕುಸಿದಿದೆ, ಹಲಗೆ ಇಲ್ಲ. ಅಲ್ಲಿ ನುಗ್ಗಿದ ಉಪ್ಪುನೀರು ಒಳಗಿಂದೊಳಗೆ ಬಡಗು ಬದಿಗೂ ಬರುತ್ತಿದೆ. ಹೋದ ವರ್ಷ ಗಡಿಯ ನಾಲ್ಕು ಗದ್ದೆಯಲ್ಲಿ ಮೊಳಕೆ ಸುಟ್ಟುಹೋಯಿತು. ಇನ್ನೆರಡು ಮಳೆಗಾಲದಲ್ಲಿ ತೆಂಕು ಬದಿ ಸರಿಯಾಗದಿದ್ದರೆ ಒಂಬತ್ತು ವರ್ಷದ ಬೆವರು ನೀರುಪಾಲು. ಇದನ್ನು ಹನ್ನೊಂದು ಜನ ಮಾಡಲಾಗುವುದಿಲ್ಲ, ಮೂವತ್ತು ಜನವೂ ಸಾಲದು.

ಆದ್ದರಿಂದ ರಜತ ಮಹೋತ್ಸವದ ಈ ಸಭೆಯ ಮುಂದೆ ನನ್ನ ಮೂರು ಬಿನ್ನಹ ಇದೆ. ಮೊದಲನೆಯದು, ಪ್ರತಿ ಸದಸ್ಯರ ಮನೆಯಿಂದ ವರ್ಷಕ್ಕೆ ಮೂರು ದಿನ ಒಂದಾಳು ಕೊಡಬೇಕು. ಮಳೆಗೆ ಮೊದಲು ಒಂದು ದಿನ ಕಟ್ಟೆಗೆ ಮಣ್ಣು ಏರಿಸಲು, ಆಷಾಢದಲ್ಲಿ ಒಂದು ದಿನ ಕೋಡು ಹಚ್ಚಲು, ಕೊಯ್ಲಾದ ಮೇಲೆ ಒಂದು ದಿನ ಕಸ, ಬಲೆಚೂರು ತೆಗೆಯಲು. ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುತ್ತಿದ್ದ ಊರು ನಮ್ಮದು, ಇದು ಹೊಳೆಗೆ ಕೊಡುವ ಮುಯ್ಯಾಳು ಅಂತ ತಿಳಿಯಿರಿ. ಎರಡನೆಯದು, ಗಜನಿಯ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವಾಗ ಕರಾರಿನಲ್ಲಿ ಒಂದು ಮಾತು ಬರೆಯಬೇಕು. ಮೇ ತಿಂಗಳ ಮೊದಲ ವಾರದೊಳಗೆ ನೀರು ಖಾಲಿ ಮಾಡಿ ಜಂತ್ರಡಿಯ ಹಲಗೆ ರೈತರ ವಶಕ್ಕೆ ಕೊಡಬೇಕು. ಮೀನಿನ ಆಸೆಗೆ ಮಳೆ ಬರುವವರೆಗೂ ಉಪ್ಪುನೀರು ನಿಲ್ಲಿಸಿಕೊಂಡರೆ ಗದ್ದೆ ಒಣಗುವುದಿಲ್ಲ, ಉಳಲು ಆಗುವುದಿಲ್ಲ. ಹರಾಜಿನ ಮೊತ್ತ ಸ್ವಲ್ಪ ಕಡಿಮೆಯಾದೀತು, ಆಗಲಿ. ಮೂರನೆಯದು, ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೆ ಮೊದಲು ಕಟ್ಟೆಯನ್ನೂ ಜಂತ್ರಡಿಯನ್ನೂ ನೋಡಿ ಬರಲು ಇಬ್ಬಿಬ್ಬರ ಪಾಳಿ ಹಾಕಿ, ಸಂಘದ ನೋಟೀಸು ಬೋರ್ಡಿನಲ್ಲಿ ಹೆಸರು ಹಾಕಬೇಕು. ಏಡಿ ಕೊರೆದ ತೂತು ಮುಷ್ಟಿಯಷ್ಟಿರುವಾಗ ಒಂದು ಬುಟ್ಟಿ ಮಣ್ಣು ಸಾಕು. ಬಿಟ್ಟರೆ ನೂರು ಲೋಡು ಬೇಕು.

‘ಇದೆಲ್ಲ ಸಹಕಾರಿ ಸಂಘದ ಕೆಲಸವೋ?’ ಅಂತ ಕೇಳುವವರಿದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಒಬ್ಬ ರೈತನಿಂದಾಗದ್ದು ಹತ್ತು ರೈತರಿಂದಾಗುತ್ತದೆ ಎಂಬ ನಂಬಿಕೆಯೇ ಬಂಡವಾಳವಾಗಿತ್ತು. 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟದವರು ಒಪ್ಪಿದ ಏಳು ಸಹಕಾರ ತತ್ವಗಳಲ್ಲಿ ಏಳನೆಯದೇ ಸಮುದಾಯದ ಕಾಳಜಿ. ಅದು ನಮ್ಮ ಕಚೇರಿ ಗೋಡೆಯ ಬೋರ್ಡಿನಲ್ಲೂ ಇದೆ, ಸಾಲ ತೆಗೆಯಲು ಬಂದಾಗ ಒಮ್ಮೆ ತಲೆಯೆತ್ತಿ ಓದಿ. ಗಜನಿಯಷ್ಟು ಒಳ್ಳೆಯ ಸಹಕಾರದ ಪಾಠ ನನಗಂತೂ ಬೇರೆಲ್ಲೂ ಸಿಕ್ಕಿಲ್ಲ. ಅಲ್ಲಿ ಗದ್ದೆ ಬೇರೆ ಬೇರೆ, ಕಟ್ಟೆ ಒಂದೇ. ನನ್ನ ಪಾಲಿನ ಕಟ್ಟೆ ಒಡೆದರೆ ಮುಳುಗುವುದು ನಿಮ್ಮ ಗದ್ದೆ, ನಿಮ್ಮ ಪಾಲಿನದು ಒಡೆದರೆ ನನ್ನದು. ಹಕ್ಕಿ, ಮೀನು, ನೀರುನಾಯಿಗಳಿಗೆ ಶೇರು ಹಣ ಕಟ್ಟಲು ಬರುವುದಿಲ್ಲ, ಮಹಾಸಭೆಯಲ್ಲಿ ಕೈ ಎತ್ತಲು ಬರುವುದಿಲ್ಲ. ಆದರೂ ಅವು ಈ ಕಟ್ಟೆಯ ಸದಸ್ಯರೇ. ಅವುಗಳ ಪರವಾಗಿ ನಾವೇ ಕೈ ಎತ್ತಬೇಕು.

ತೆಂಕು ಬದಿಯ ಕೆಲಸಕ್ಕೆ ಹೆಸರು ಬರೆಸುವ ಪುಸ್ತಕವನ್ನು ಕಾರ್ಯದರ್ಶಿಯವರ ಮೇಜಿನ ಮೇಲೆ ಇಟ್ಟಿದೆ. ಊಟ ಮಾಡಿ ಹೋಗುವಾಗ ಮನೆಗೆ ಒಂದರಂತೆ ಹೆಸರು ಬರೆಸಿ. ಗುದ್ದಲಿ, ಬುಟ್ಟಿ ಇದ್ದವರು ತನ್ನಿ, ಇಲ್ಲದವರು ಕೈ ಬೀಸಿಕೊಂಡು ಬನ್ನಿ, ಗಂಜಿ ನಮ್ಮದು.